ಅಳೆಯುವ ಕಣ್ಣಿಲ್ಲದ ಕಡೆ

ಬೆಳಗ್ಗೆ ಆರೂವರೆಗೆ ಬಸವನಗುಡಿಯ ಕೃಷ್ಣರಾವ್ ಪಾರ್ಕಿಗೆ ಹೋಗಿ ನಿಂತರೆ, ಗಂಡಸರಿಗೆ ಮಾತು ಕಡಿಮೆ ಎಂದು ಯಾರೂ ಹೇಳಲಾರರು. ಶುಗರ್ ಎಷ್ಟು ಬಂತು, ಮಂಡಿಗೆ ಯಾವ ಡಾಕ್ಟರು, ಮಗಳ ವೀಸಾ ಎಲ್ಲಿ ಸಿಕ್ಕಿಕೊಂಡಿದೆ, ಹಳೇ ಮನೆ ಬಿಲ್ಡರಿಗೆ ಕೊಟ್ಟರೆ ಎಷ್ಟು ಫ್ಲ್ಯಾಟು ಕೈಗೆ ಬರುತ್ತವೆ, ಎಲ್ಲವೂ ಎರಡು ಸುತ್ತು ಮುಗಿಯುವುದರೊಳಗೆ ಇತ್ಯರ್ಥವಾಗುತ್ತದೆ. ಆ ಗುಂಪಿನಲ್ಲಿ, ಈಚೆಗೆ ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು ಇದ್ದಾರೆ ಎಂದುಕೊಳ್ಳಿ. ರಾತ್ರಿ ಮೂರಕ್ಕೆ ಎಚ್ಚರವಾದರೆ ಅವರಿಗೆ ಮತ್ತೆ ನಿದ್ದೆಯಿಲ್ಲ. ಬೆಳಗ್ಗೆ ಹನ್ನೊಂದು ಗಂಟೆಯಾದರೆ ಏನು ಮಾಡಬೇಕೆಂದು ತೋಚದೆ ಓದಿದ ಪೇಪರನ್ನೇ ಮತ್ತೆ ಓದುತ್ತಾರೆ. ಹೆಂಡತಿ ಒಂದು ಮಾತಂದರೆ ಸಿಡುಕುತ್ತಾರೆ. "ಏನ್ ಸಾರ್, ರಿಟೈರ್ಡ್ ಲೈಫ್ ಹೇಗಿದೆ?" ಎಂದು ಪಕ್ಕದವರು ಕೇಳಿದರೆ, "ಫಸ್ಟ್ ಕ್ಲಾಸ್ ಕಣ್ರೀ, ಆರಾಮ್" ಎನ್ನುತ್ತಾರೆ.

ಇದೇ ಮನುಷ್ಯ ಮೈಸೂರು ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು, ಪಕ್ಕದ ಸೀಟಿನ ಅಪರಿಚಿತನಿಗೆ, ರಾಮನಗರ ದಾಟಿ ಮಂಡ್ಯ ಬರುವುದರೊಳಗೆ, ಮನೆಯವರಿಗೂ ಹೇಳದ್ದನ್ನು ಹೇಳಿಬಿಡುವುದುಂಟು. ಕೇಳಿದವನು ಮಂಡ್ಯದಲ್ಲಿ ಇಳಿದು ಹೋಗುತ್ತಾನೆ. ಅವನ ಹೆಸರು ಇವರಿಗೆ ಗೊತ್ತಿಲ್ಲ, ಇವರ ಹೆಸರು ಅವನಿಗೆ ಗೊತ್ತಿಲ್ಲ.

ಮೂವತ್ತು ವರ್ಷದ ಗೆಳೆಯರ ಮುಂದೆ ಬಾರದ ಮಾತು ಗುರುತುಪರಿಚಯವಿಲ್ಲದವನ ಮುಂದೆ ಹೇಗೆ ಬರುತ್ತದೆ? ಫೋನಿನಲ್ಲಿ, ಸ್ಕ್ರೀನಿನ ಮೇಲೆ ನಡೆಯುವ ಆಪ್ತಸಮಾಲೋಚನೆ ಅನೇಕ ಗಂಡಸರಿಗೆ ಒಗ್ಗುವುದು ಏಕೆ ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ.

ಎದೆನೋವು ಹೇಳಬಹುದು, ದುಃಖ ಹೇಳಬಾರದು

ಗಂಡಸಿಗೆ ಮನಸ್ಸು ಗಟ್ಟಿ, ಹಾಗಾಗಿ ಹೇಳಿಕೊಳ್ಳುವ ಅಗತ್ಯ ಬೀಳುವುದಿಲ್ಲ ಎನ್ನುವುದು ಮನೆಮನೆಯ ವಿವರಣೆ. ಅಂಕಿಅಂಶ ಇದನ್ನು ಒಪ್ಪುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 1,70,924 ಮಂದಿ. ಅವರಲ್ಲಿ ನೂರಕ್ಕೆ ಸುಮಾರು 72 ಮಂದಿ ಗಂಡಸರು. ನಮ್ಮದೇ ಊರು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಮಾನಸಿಕ ತೊಂದರೆ ಇದ್ದೂ ಚಿಕಿತ್ಸೆ ಪಡೆಯದವರು, ಕಾಯಿಲೆಯಿಂದ ಕಾಯಿಲೆಗೆ ವ್ಯತ್ಯಾಸವಿದ್ದರೂ, ನೂರಕ್ಕೆ 70ರಿಂದ 92.

ಹಾಗಾದರೆ ಇವರೆಲ್ಲ ಎಲ್ಲಿಗೆ ಹೋಗುತ್ತಾರೆ? ತುಂಬ ಜನ ಬೇರೆ ಡಾಕ್ಟರ ಬಳಿಗೆ ಹೋಗುತ್ತಾರೆ. ಗ್ಯಾಸು, ತಲೆಭಾರ, ಎದೆ ಹಿಡಿದಂತಾಗುವುದು, ಮೈಕೈ ಸೆಳೆತ. ಮಲ್ಲೇಶ್ವರದ ಮೂವತ್ತೆಂಟರ ಎಂಜಿನಿಯರ್ ಕೆಲಸ ಹೋದ ವಾರದಲ್ಲೇ ಎದೆ ಹಿಡಿದುಕೊಂಡು ಇಸಿಜಿಗೆ ಓಡುತ್ತಾನೆ. ಅದರಲ್ಲಿ ನಾಟಕವೇನೂ ಇಲ್ಲ, ನೋವು ನಿಜವಾದದ್ದೇ. ಎದೆನೋವು ಬಂದವರು ಮೊದಲು ಹೃದಯ ತೋರಿಸಿಕೊಳ್ಳಲೇಬೇಕು. ಆದರೆ ಇಸಿಜಿ ಸರಿಯಿದೆ ಎಂದ ಮೇಲೆ ಕಥೆ ಅಲ್ಲಿಗೆ ಮುಗಿದುಹೋಗುತ್ತದೆ. ಮಾತ್ರೆ ಬರೆಸಿಕೊಂಡು ಮನೆಗೆ ಬರುತ್ತಾನೆ.

ಬೆಂಗಳೂರಿನಲ್ಲೇ ನಡೆದ ಒಂದು ಅಧ್ಯಯನ ಇದರ ಒಳಗುಟ್ಟನ್ನು ಬಿಡಿಸಿತು. ನಿಮ್ಹಾನ್ಸ್‌ನ ಆರ್. ರಘುರಾಮ್, ಎಸ್. ಎಂ. ಚನ್ನಬಸವಣ್ಣ, ಅವರೊಂದಿಗೆ ಮಿಚೆಲ್ ವೈಸ್ ಮುಂತಾದವರು ಹೊರರೋಗಿ ವಿಭಾಗದ 80 ಮಂದಿಯನ್ನು ಮಾತಾಡಿಸಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಖಿನ್ನತೆಯ ಲಕ್ಷಣ ಹೆಚ್ಚಿದ್ದವರಲ್ಲಿ ನಾಚಿಕೆ, ಕಳಂಕದ ಭಯ ಹೆಚ್ಚು. ಮೈನೋವಿನ ಲಕ್ಷಣ ಹೆಚ್ಚಿದ್ದವರಲ್ಲಿ ಅದು ಕಡಿಮೆ. ರೋಗಿಗಳ ತರ್ಕ ಸರಳವಾಗಿತ್ತು: ಮೈಕೈ ನೋವು ಎಲ್ಲರಿಗೂ ಬರುತ್ತದೆ, ಹೇಳಿದರೆ ಮರ್ಯಾದೆಗೇನೂ ಕುಂದಿಲ್ಲ. ಮನಸ್ಸಿನ ನೋವು ಹೇಳಿಕೊಂಡರೆ ಜನ ತನ್ನನ್ನು ಬೇರೆಯೇ ಲೆಕ್ಕಕ್ಕೆ ಹಾಕುತ್ತಾರೆ.

ಅಂದರೆ ಆ 80 ಮಂದಿಗೆ ನೋವಿನ ಜೊತೆಗೆ ನೋಡುವವರ ಕಣ್ಣಿನ ಲೆಕ್ಕವೂ ಇತ್ತು. ಇದನ್ನು ನೆನಪಿಟ್ಟುಕೊಂಡು, ಒತ್ತಡ ಎಲ್ಲಿಂದ ಬರುತ್ತದೆ ಎಂದು ಮುಂದೆ ನೋಡೋಣ.

ಮದುವೆಗೂ ಅಂಕ

1967ರಲ್ಲಿ ಅಮೆರಿಕದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಬದುಕಿನ 43 ಬದಲಾವಣೆಗಳಿಗೆ ಅಂಕ ಕೊಟ್ಟು ಪಟ್ಟಿ ಮಾಡಿದರು. ಬಾಳಸಂಗಾತಿಯ ಸಾವಿಗೆ 100, ವಿಚ್ಛೇದನಕ್ಕೆ 73, ಕೆಲಸ ಹೋಗುವುದಕ್ಕೆ 47, ನಿವೃತ್ತಿಗೆ 45. ಸ್ವಂತ ಮದುವೆಗೆ 50! ಒಳ್ಳೆಯದೋ ಕೆಟ್ಟದ್ದೋ ಎನ್ನುವುದಕ್ಕಿಂತ, ಹೊಸದಾಗಿ ಎಷ್ಟು ಹೊಂದಿಕೊಳ್ಳಬೇಕು ಎನ್ನುವುದನ್ನೇ ಅವರು ಅಳೆದಿದ್ದರು. 1984ರಲ್ಲಿ ಗುರ್ಮೀತ್ ಸಿಂಗ್ ಮತ್ತು ಸಂಗಡಿಗರು ಭಾರತಕ್ಕೆ ಹೊಂದುವ ಪಟ್ಟಿ ಮಾಡಿದಾಗ ಅದರಲ್ಲಿ ಮಗಳ ಅಥವಾ ತಂಗಿಯ ಮದುವೆಯೂ ಸೇರಿತು. ನಮ್ಮಲ್ಲಿ ಅದನ್ನು ಬಿಟ್ಟರೆ ಪಟ್ಟಿ ಪೂರ್ತಿಯಾಗುವುದಾದರೂ ಹೇಗೆ? ಇವೆಲ್ಲ ಸರಾಸರಿಯ ಅಂದಾಜುಗಳು. ಒಬ್ಬೊಬ್ಬರ ಪಾಡು ಒಂದೊಂದು. ಆದರೂ ನಿವೃತ್ತಿಯನ್ನು ಹಾರ, ಶಾಲು, ಹಣ್ಣಿನ ಬುಟ್ಟಿಯಲ್ಲಿ ಮುಗಿಸುವ ನಾವು ಆ 45 ಅಂಕವನ್ನು ಗಮನಿಸುವುದು ಒಳ್ಳೆಯದು.

ಸಂಪು, ಮೋಟಾರು, ಟ್ಯಾಂಕು

ಇಂಥ ಬದಲಾವಣೆ ಮೈಯೊಳಗೆ ಏನು ಮಾಡುತ್ತದೆ? ಮೊದಲು ಮನೆಯ ಮೋಟಾರು ನೋಡೋಣ. ಹಳೇ ಬೆಂಗಳೂರಿನ ಮನೆಗಳಲ್ಲಿ ಅಂಗಳದ ಸಂಪಿನಿಂದ ತಾರಸಿಯ ಟ್ಯಾಂಕಿಗೆ ನೀರು ಏರಿಸುವ ಮೋಟಾರು ಇರುತ್ತದೆ. ಈಗ ಹಲವರು ಆಟೊಮ್ಯಾಟಿಕ್ ಕಂಟ್ರೋಲರ್ ಹಾಕಿಸಿದ್ದಾರೆ. ಟ್ಯಾಂಕು ಖಾಲಿಯಾದರೆ ಮೋಟಾರು ತಾನೇ ಓಡುತ್ತದೆ, ತುಂಬಿದಾಗ ಮೇಲಿರುವ ಸೆನ್ಸರ್ "ಸಾಕು" ಎಂದು ಸುದ್ದಿ ಕಳಿಸುತ್ತದೆ, ಮೋಟಾರು ನಿಲ್ಲುತ್ತದೆ.

ಮೈಯಲ್ಲೂ ಇಂಥದ್ದೇ ಏರ್ಪಾಡಿದೆ. ಏನೋ ಆಪತ್ತು ಎನಿಸಿದಾಗ ಮಿದುಳಿನ ತಳಭಾಗ ಒಂದು ಸಂದೇಶ ಕಳಿಸುತ್ತದೆ. ಅದು ರಕ್ತದ ಮೂಲಕ ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯನ್ನು ಮುಟ್ಟುತ್ತದೆ. ಅಲ್ಲಿಂದ ಕಾರ್ಟಿಸಾಲ್ ಎನ್ನುವ ರಸ ಹೊರಡುತ್ತದೆ. ನಾವು ಇದನ್ನು ಒತ್ತಡರಸ ಎಂದು ಕರೆಯೋಣ. ಒತ್ತಡರಸ ರಕ್ತಕ್ಕೆ ಸಕ್ಕರೆ ಬಿಡಿಸುತ್ತದೆ, ಮೈಯನ್ನು ಎಚ್ಚರದಲ್ಲಿಡುತ್ತದೆ. ಇದು ಶತ್ರುವಲ್ಲ; ಬೆಳಗ್ಗೆ ನಮ್ಮನ್ನು ಹಾಸಿಗೆಯಿಂದ ಎಬ್ಬಿಸುವುದರಲ್ಲಿ ಇದರ ಕೈವಾಡವಿದೆ. ಸಾಕಷ್ಟು ರಸ ಬಂದಾಗ ಮಿದುಳಿನಲ್ಲಿರುವ ಸೆನ್ಸರುಗಳು ಅದನ್ನು ಗುರುತಿಸಿ "ಸಾಕು" ಎನ್ನುತ್ತವೆ.

ತೊಂದರೆ ಬರುವುದು ಈ ಆಪತ್ತಿನ ಸ್ವಿಚ್ಚು ಪದೇಪದೇ ಬೀಳತೊಡಗಿದಾಗ. ವಾರಗಟ್ಟಲೆ, ತಿಂಗಳುಗಟ್ಟಲೆ ಹೀಗಾದರೆ ಸೆನ್ಸರು ಮಂಕಾಗಬಹುದು. ಆಗ ಟ್ಯಾಂಕು ತುಂಬಿ ಹರಿಯುತ್ತಿದ್ದರೂ ಮೋಟಾರು ಓಡುತ್ತಲೇ ಇರುತ್ತದೆ. ಒತ್ತಡರಸ ನಡುರಾತ್ರಿಯ ಹೊತ್ತಿಗೆ ಇಳಿದಿರಬೇಕು. ದೀರ್ಘ ಒತ್ತಡದಲ್ಲಿರುವ ಕೆಲವರಲ್ಲಿ ಅದು ಬೇಕಾದಷ್ಟು ಇಳಿಯುವುದಿಲ್ಲ. ರಾತ್ರಿ ಮೂರರ ಎಚ್ಚರಕ್ಕೆ ಇದೂ ಒಂದು ಕಾರಣವಿರಬಹುದು.

ಸ್ವಿಚ್ಚು ಹಾಕುವವರು

ಆಪತ್ತು ಎಂದರೆ ಹುಲಿ, ಹಾವು, ಎದುರಿಗೆ ನುಗ್ಗಿ ಬರುವ ಬಸ್ಸು ಎಂದು ನಾವು ತಿಳಿದಿದ್ದೇವೆ. ಪ್ರಯೋಗಾಲಯದಲ್ಲಿ ಹುಲಿ ತರಲಾಗುವುದಿಲ್ಲ. 1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಕ್ಲೆಮೆನ್ಸ್ ಕಿರ್ಶ್‌ಬಾಮ್ ಮತ್ತು ಸಂಗಡಿಗರು ಅದಕ್ಕಿಂತ ಅಗ್ಗದ ಉಪಾಯ ಕಂಡುಕೊಂಡರು. ನಿಮ್ಮನ್ನು ಒಂದು ಕೋಣೆಗೆ ಕರೆಯುತ್ತಾರೆ. ಮೇಜಿನ ಹಿಂದೆ ಒಂದಿಷ್ಟು ಜನ ಕೂತಿದ್ದಾರೆ. "ಈ ಕೆಲಸಕ್ಕೆ ನೀವೇ ಏಕೆ ತಕ್ಕವರು, ಐದು ನಿಮಿಷ ಹೇಳಿ" ಎನ್ನುತ್ತಾರೆ. ನೀವು ಹೇಳುತ್ತೀರಿ. ಅವರು ತಲೆಯಾಡಿಸುವುದಿಲ್ಲ, ನಗುವುದಿಲ್ಲ, ಸುಮ್ಮನೆ ನೋಡುತ್ತಾರೆ. ಅದು ಮುಗಿದ ಮೇಲೆ 1022ರಿಂದ 13ರಂತೆ ಕಳೆಯುತ್ತ ಹೋಗಬೇಕು. 1009, 996, 983... ಒಂದು ತಪ್ಪಾದರೆ, "ತಪ್ಪು, ಮೊದಲಿಂದ ಶುರುಮಾಡಿ." ಆಗಾಗ ಎಂಜಲು ತೆಗೆದು ಒತ್ತಡರಸ ಅಳೆಯುತ್ತಾರೆ. ಹೆಚ್ಚಿನವರಲ್ಲಿ ಅದು ಸರ್ರನೆ ಏರಿರುತ್ತದೆ. ಕೈಗೆ ಪೆಟ್ಟಿಲ್ಲ, ಕಾಲಿಗೆ ಪೆಟ್ಟಿಲ್ಲ, ಪರೀಕ್ಷೆಯಲ್ಲಿ ಸೋತರೆ ಕಳೆದುಕೊಳ್ಳುವುದೂ ಏನೂ ಇಲ್ಲ.

ಇಂಥ 208 ಪ್ರಯೋಗಗಳ ಫಲಿತಾಂಶವನ್ನು ಸ್ಯಾಲಿ ಡಿಕರ್‌ಸನ್ ಮತ್ತು ಮಾರ್ಗರೆಟ್ ಕೆಮೆನಿ 2004ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಕಷ್ಟದ ಕೆಲಸ ಮಾತ್ರಕ್ಕೆ ಒತ್ತಡರಸ ಅಷ್ಟಾಗಿ ಏರುವುದಿಲ್ಲ. ಎರಡು ಸಂಗತಿ ಕೂಡಿದಾಗ ಅದು ಎಲ್ಲಕ್ಕಿಂತ ಹೆಚ್ಚು ಏರುತ್ತದೆ, ಇಳಿಯಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ: ಪರಿಸ್ಥಿತಿ ತನ್ನ ಹಿಡಿತದಲ್ಲಿಲ್ಲ, ಮತ್ತು ಇನ್ನೊಬ್ಬರು ತನ್ನ ಯೋಗ್ಯತೆಯನ್ನು ತೂಗಿ ನೋಡುತ್ತಿದ್ದಾರೆ. ಈ ಎರಡನೆಯದನ್ನು ಅಳೆಯುವ ಕಣ್ಣು ಎಂದು ಕರೆಯುತ್ತೇನೆ.

ಗಂಡಸರ ವಿಷಯಕ್ಕೆ ಬಂದರೆ ಇನ್ನೊಂದು ಎಳೆಯಿದೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಲಾರಾ ಸ್ಟ್ರೌಡ್ ಮತ್ತು ಜೊತೆಗಾರರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಲೆಕ್ಕ, ಬಾಯಿಪಾಠದಂಥ ಸಾಧನೆಯ ಪರೀಕ್ಷೆಗೆ ಗಂಡಸರ ಒತ್ತಡರಸ ಹೆಚ್ಚು ಏರಿತು. ಗುಂಪಿನಿಂದ ಹೊರಗಿಟ್ಟಾಗ ಹೆಂಗಸರದು ಹೆಚ್ಚು ಏರಿತು. ಹುಟ್ಟುಗುಣವೋ, ಬೆಳೆಸಿದ ರೀತಿಯೋ? ಬೆಳೆಸಿದ ರೀತಿಯ ಪಾಲು ದೊಡ್ಡದು ಎಂದೇ ನನ್ನ ಅನಿಸಿಕೆ. "ಏನು ಮಾಡ್ಕೊಂಡಿದೀಯಪ್ಪ?" ಎಂಬ ಪ್ರಶ್ನೆಯನ್ನು ಮದುವೆ ಮನೆಯಿಂದ ಮಸಣದವರೆಗೆ ಕೇಳಿಸಿಕೊಳ್ಳುವವನು ಅದಕ್ಕೆ ಉತ್ತರವಿಲ್ಲದ ದಿನ ಬೆವರದೆ ಇರುವುದಿಲ್ಲ.

ಈಗ ಪಾರ್ಕಿನ ಒಗಟು ಬಿಡಿಸಿಕೊಳ್ಳುತ್ತದೆ. ಕೆಲಸ ಹೋಗುವುದು, ನಿವೃತ್ತಿ, ಮುರಿದ ಮದುವೆ, ಇವು ಹಿಡಿತ ತಪ್ಪಿದ ಸ್ಥಿತಿಗಳು. ಅದನ್ನು ಗೊತ್ತಿದ್ದವರ ಮುಂದೆ ಹೇಳಿಕೊಳ್ಳುವುದೆಂದರೆ ಅಳೆಯುವ ಕಣ್ಣಿನ ಮುಂದೆ ಹೋಗಿ ನಿಂತಂತೆ. ಒತ್ತಡ ಇಳಿಸಿಕೊಳ್ಳಲು ಬಾಯಿಬಿಡಬೇಕು. ಬಾಯಿಬಿಟ್ಟರೆ ಒತ್ತಡ ಏರುತ್ತದೆ. ಹಾಗಾಗಿ "ಆರಾಮ್" ಎಂದುಬಿಡುವುದೇ ಆ ಕ್ಷಣಕ್ಕೆ ಕ್ಷೇಮ.

ಫ್ರಾಯ್ಡ್ ಕೂತ ಜಾಗ

ಮನಸ್ಸಿನ ಚಿಕಿತ್ಸೆಗೂ ನೋಟಕ್ಕೂ ಇರುವ ನಂಟು ಹೊಸದಲ್ಲ. ವಿಯೆನ್ನಾದಲ್ಲಿ ಸಿಗ್ಮಂಡ್ ಫ್ರಾಯ್ಡ್ ರೋಗಿಯನ್ನು ಮಂಚದ ಮೇಲೆ ಮಲಗಿಸಿ ತಾನು ಅವರ ತಲೆಯ ಹಿಂದೆ, ಕಾಣದ ಹಾಗೆ ಕೂರುತ್ತಿದ್ದ. ದಿನಕ್ಕೆ ಎಂಟು ಗಂಟೆ ಜನ ತನ್ನನ್ನೇ ದಿಟ್ಟಿಸುವುದು ತನ್ನಿಂದ ಸಹಿಸಲಾಗದು ಎಂದು 1913ರಲ್ಲಿ ಬರೆದ. ಡಾಕ್ಟರಿಗೇ ಹಾಗಿದ್ದರೆ ರೋಗಿಯ ಗತಿ ಏನು?

1966ರಲ್ಲಿ ಅಮೆರಿಕದ ಎಂಐಟಿಯ ಜೋಸೆಫ್ ವೈಝನ್‌ಬಾಮ್ ಎಲೈಝಾ ಎಂಬ ಪುಟ್ಟ ಕಂಪ್ಯೂಟರ್ ಪ್ರೋಗ್ರಾಮ್ ಪ್ರಕಟಿಸಿದರು. ನೀವು ಟೈಪ್ ಮಾಡಿದ್ದನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಷ್ಟೇ ಅದರ ಬಂಡವಾಳ. ಅದು ತಯಾರಾಗುವುದನ್ನು ತಿಂಗಳುಗಟ್ಟಲೆ ನೋಡಿದ್ದ, ಅದರೊಳಗೆ ಏನೂ ಇಲ್ಲವೆಂದು ಬಲ್ಲ ಅವರ ಸೆಕ್ರೆಟರಿ ನಾಲ್ಕು ಮಾತು ಟೈಪ್ ಮಾಡುತ್ತಲೇ, ದಯವಿಟ್ಟು ಹೊರಗೆ ಹೋಗುತ್ತೀರಾ ಎಂದು ಅವರನ್ನೇ ಕೇಳಿದರು. ಯಂತ್ರಕ್ಕೆ ಬುದ್ಧಿ ಇರಲಿಲ್ಲ, ಅಳೆಯುವ ಕಣ್ಣೂ ಇರಲಿಲ್ಲ. ಇಂದಿನ ಚಾಟ್‌ಬಾಟ್‌ಗಳ ಮುಂದೆ ಮಧ್ಯರಾತ್ರಿ ಮನಸ್ಸು ತೆರೆಯುವವರಿಗೂ ಇದೇ ಅನುಕೂಲ. ಆದರೆ ನೀವು ಅಪಾಯದಲ್ಲಿದ್ದೀರಿ ಎಂದು ತಿಳಿದು ಮನೆಗೆ ಯಾರನ್ನೋ ಕಳಿಸುವ ಹೊಣೆಯನ್ನು ಚಾಟ್‌ಬಾಟ್ ಹೊರುವುದಿಲ್ಲ.

 

ಹೆಸರು ಬಿದ್ದ ಮೇಲೆ

ಕಣ್ಣು ದೂರವಾದರೆ ಮಾತು ಬರುತ್ತದೆ, ಸರಿ. ಮಾತು ಬಂದರೆ ಆಗುವುದೇನು?

ಮ್ಯಾಥ್ಯೂ ಲೀಬರ್‌ಮನ್ ತಂಡ ಲಾಸ್ ಏಂಜಲಿಸ್‌ನಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸ್ಕ್ಯಾನರಿನೊಳಗೆ ಮಲಗಿದವರಿಗೆ ಸಿಟ್ಟಿನ, ಹೆದರಿಕೆಯ ಮುಖಗಳನ್ನು ತೋರಿಸಿದರು. ಕೆಲವು ಸಲ ಆ ಮುಖಕ್ಕೆ ಹೊಂದುವ ವ್ಯಕ್ತಿಯ ಹೆಸರು ಆರಿಸಬೇಕು. ಕೆಲವು ಸಲ "ಸಿಟ್ಟು", "ಭಯ" ಎಂದು ಭಾವಕ್ಕೆ ಹೆಸರು ಆರಿಸಬೇಕು. ವ್ಯಕ್ತಿಗೆ ಹೆಸರಿಟ್ಟಾಗ ಅಂಥ ವಿಶೇಷವಿರಲಿಲ್ಲ. ಭಾವಕ್ಕೆ ಹೆಸರಿಟ್ಟಾಗ ಮಿದುಳಿನ ಆಳದಲ್ಲಿ ಅಪಾಯ ಸಾರುವ ಅಮಿಗ್ಡಲಾ ತಣ್ಣಗಾಯಿತು, ಹಣೆಯ ಹಿಂದಿನ ಭಾಗ ಚುರುಕಾಯಿತು. ಒತ್ತಡ ಏರಿದಾಗ ಮಂಕಾಗುವುದು ಇದೇ ಹಣೆಯ ಹಿಂದಿನ ಭಾಗ. ಬಹುಶಃ ಹಾಗಾಗಿಯೇ ಅಳೆಯುವ ಕಣ್ಣಿನ ಮುಂದೆ ಮನುಷ್ಯನಿಗೆ ತನ್ನ ಸಂಕಟಕ್ಕೆ ಪದವೇ ಸಿಗುವುದಿಲ್ಲ; "ಏನೋ ಒಂಥರಾ" ಎಂದು ನಿಲ್ಲಿಸುತ್ತಾನೆ. ಆ ಕಣ್ಣಿನ ಭಾರ ತುಸು ಇಳಿದರೆ ಹಣೆಯ ಹಿಂದಿನ ಭಾಗಕ್ಕೆ ಬಿಡುವು ಸಿಗುತ್ತದೆ, ಪದ ಸಿಗುತ್ತದೆ, ಪದ ಸಿಕ್ಕಾಗ ಸ್ವಿಚ್ಚು ಬೀಳುವುದು ಕಡಿಮೆಯಾಗುತ್ತದೆ.

ಆಪ್ತಸಮಾಲೋಚಕರ ಕೆಲಸ ಇಲ್ಲಿಂದ ಶುರು. ನಮ್ಮ ಬ್ಯಾಂಕಿನವರನ್ನೇ ತೆಗೆದುಕೊಳ್ಳಿ. ಒಳ್ಳೆಯ ಸಮಾಲೋಚಕರು ಅವರಿಗೆ "ಧೈರ್ಯವಾಗಿರಿ ಸಾರ್" ಎಂದು ಉಪದೇಶ ಮಾಡುವುದಿಲ್ಲ. ಎದ್ದಾಗಿನಿಂದ ಮಲಗುವವರೆಗೆ ಗಂಟೆಗಂಟೆಗೆ ಏನು ಮಾಡಿದಿರಿ, ಆಗ ಮನಸ್ಸು ಹೇಗಿತ್ತು ಎಂದು ಬರೆಯಲು ಹೇಳುತ್ತಾರೆ. ವಾರದ ಹಾಳೆ ನೋಡಿದರೆ ಕಷ್ಟವೆಲ್ಲ ಬೆಳಗ್ಗೆ ಹನ್ನೊಂದರಿಂದ ಒಂದರ ನಡುವೆ ಗುಡ್ಡೆಯಾಗಿರುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಜನ ಮುಗಿಬೀಳುತ್ತಿದ್ದ, "ಸಾರ್, ಸಾರ್" ಎನ್ನುತ್ತಿದ್ದ ಹೊತ್ತು ಅದು. ಆ ಎರಡು ಗಂಟೆಗೆ ಏನು ತುಂಬಬಹುದು ಎಂಬುದನ್ನು ಇಬ್ಬರೂ ಸೇರಿ ಹುಡುಕುತ್ತಾರೆ. ಇದಕ್ಕೆ ಎದುರುಬದುರು ಕೂರಲೇಬೇಕೆಂದಿಲ್ಲ.

ಫೋನಿನ ಲೆಕ್ಕ

ದೂರದ ಚಿಕಿತ್ಸೆ ನಿಜಕ್ಕೂ ಕೆಲಸ ಮಾಡುತ್ತದೆಯೇ? ಡೇವಿಡ್ ಮೊಹ್ರ್ ತಂಡ ಶಿಕಾಗೊದ ಸುತ್ತಮುತ್ತ ಖಿನ್ನತೆಯಿದ್ದ 325 ಮಂದಿಯನ್ನು ಎರಡು ಗುಂಪು ಮಾಡಿ ಒಂದಕ್ಕೆ ಮುಖಾಮುಖಿ, ಇನ್ನೊಂದಕ್ಕೆ ಫೋನಿನಲ್ಲಿ ಅದೇ ಚಿಕಿತ್ಸೆ ಕೊಟ್ಟು 2012ರಲ್ಲಿ ಫಲಿತಾಂಶ ಪ್ರಕಟಿಸಿತು. ನಡುವೆ ಬಿಟ್ಟು ಹೋದವರು ಮುಖಾಮುಖಿಯಲ್ಲಿ ನೂರಕ್ಕೆ 32.7, ಫೋನಿನಲ್ಲಿ 20.9. ಚಿಕಿತ್ಸೆ ಮುಗಿದಾಗ ಎರಡೂ ಗುಂಪು ಸಮಸಮ. ಆದರೆ ಆರು ತಿಂಗಳ ನಂತರ ಮುಖಾಮುಖಿ ಗುಂಪು ಸ್ವಲ್ಪ ಮುಂದಿತ್ತು.

ಈ ಕೊನೆಯ ಮಾತನ್ನು ಮುಚ್ಚಿಡಬಾರದು. ಫೋನು ಜನರನ್ನು ಚಿಕಿತ್ಸೆಯೊಳಗೆ ಕರೆತರುತ್ತದೆ, ಉಳಿಸಿಕೊಳ್ಳುತ್ತದೆ. ಎದುರು ಕೂತು ಮಾತಾಡುವುದಕ್ಕೆ ತನ್ನದೇ ಬಲ ಉಳಿದೇ ಇದೆ. ಸಾಯುವ ಯೋಚನೆ ಗಟ್ಟಿಯಾಗಿರುವವರಿಗೆ, ಇಲ್ಲದ ದನಿ ಕೇಳಿಸುವವರಿಗೆ, ಕುಡಿತ ಬಿಟ್ಟೊಡನೆ ಕೈಕಾಲು ನಡುಗುವವರಿಗೆ ಸ್ಕ್ರೀನು ಸಾಲದು. ಅಂಥವರನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ವಿಡಿಯೊ ಬಗ್ಗೆ ಒಂದು ಕಿವಿಮಾತು. ವಿಡಿಯೊ ಕರೆ ದಣಿಸುವುದೇಕೆ ಎಂದು 2021ರಲ್ಲಿ ಸ್ಟ್ಯಾನ್‌ಫರ್ಡಿನ ಜೆರೆಮಿ ಬೇಲೆನ್ಸನ್ ಕೊಟ್ಟ ಕಾರಣಗಳಲ್ಲಿ ಎರಡು ನಮಗೆ ಸಂಬಂಧಿಸಿದವು: ತೀರ ಹತ್ತಿರದಿಂದ ದಿಟ್ಟಿಸುವ ಮುಖ, ಮತ್ತು ಮೂಲೆಯಲ್ಲಿ ಸದಾ ಕಾಣುವ ತನ್ನದೇ ಮುಖ. ಎರಡನೆಯದೂ ಅಳೆಯುವ ಕಣ್ಣೇ. ಅದನ್ನು ಮರೆಮಾಡುವ ಬಟನ್ ಹೆಚ್ಚಿನ ಆ್ಯಪ್‌ಗಳಲ್ಲಿದೆ. ಮೊದಲ ಸಲ ಬರೀ ಧ್ವನಿಕರೆಯಲ್ಲಿ ಮಾತಾಡಿದರೂ ನಡೆಯುತ್ತದೆ.

ವಠಾರದ ಗೋಡೆ

ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದದ್ದು 1898ರ ಪ್ಲೇಗಿನ ಹಿನ್ನೆಲೆಯಲ್ಲಿ. ಪ್ಲೇಗ್ ತಡೆಯುವ ಕೆಲಸವನ್ನು ಹೊಂದಿಸಲೆಂದೇ ಆಗ ಊರಿನಲ್ಲಿ ಟೆಲಿಫೋನ್ ತಂತಿಗಳನ್ನೂ ಎಳೆದರು. 2020ರಲ್ಲಿ ಇನ್ನೊಂದು ಪಿಡುಗು ಬಂದಾಗ ನಿಮ್ಹಾನ್ಸ್, ಭಾರತೀಯ ಮನೋವೈದ್ಯರ ಸಂಘ ಮತ್ತು ಟೆಲಿಮೆಡಿಸಿನ್ ಸೊಸೈಟಿ ಸೇರಿ ದೂರದಿಂದ ಮನೋಚಿಕಿತ್ಸೆ ಕೊಡುವ ಮಾರ್ಗಸೂಚಿ ಹೊರತಂದವು.

ಕರೆ ಶುರುವಾಗುತ್ತಲೇ ಸಮಾಲೋಚಕರು, "ಈಗ ಎಲ್ಲಿದ್ದೀರಿ? ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ?" ಎಂದು ಕೇಳಿದರೆ ಬೇಸರಿಸಬೇಡಿ. ಒಂದು, ಅವಸರ ಬಿದ್ದರೆ ನೆರವು ಕಳಿಸಲು ಸ್ಥಳ ಗೊತ್ತಿರಬೇಕು. ಇನ್ನೊಂದು, ನೀವು ಬಿಚ್ಚಿ ಮಾತಾಡುವ ಸ್ಥಿತಿಯಲ್ಲಿದ್ದೀರಾ ಎಂದು ತಿಳಿಯಬೇಕು. ಎರಡನೆಯದೇ ಹಳೇ ಬೆಂಗಳೂರಿನ ಕಷ್ಟ. ಚಾಮರಾಜಪೇಟೆಯ ವಠಾರಗಳಲ್ಲಿ ಒಂದೇ ಗೋಡೆಗೆ ಎರಡು ಸಂಸಾರ. ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎನ್ನುವುದು ಈ ಮನೆಯವರಿಗೆ ಲೆಕ್ಕ. ನಡುಮನೆಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡರೆ ಡಾಕ್ಟರ ಮಾತು ಮುಚ್ಚಿಹೋಗುತ್ತದೆಯೇ ಹೊರತು ನಿಮ್ಮ ಮಾತಲ್ಲ. ಹಾಗಾಗಿ ಗಂಡಸರು ಸಿಂಟೆಕ್ಸ್ ಟ್ಯಾಂಕಿನ ಪಕ್ಕ ತಾರಸಿಯ ಮೇಲೋ, ಬೀದಿಯಲ್ಲಿ ನಿಲ್ಲಿಸಿದ ಕಾರಿನೊಳಗೋ ಕೂತು ಮಾತಾಡುವುದುಂಟು. ಅದರಲ್ಲಿ ತಪ್ಪೇನೂ ಇಲ್ಲ. ಕಾರು ಓಡಿಸುತ್ತಾ ಮಾತಾಡಬೇಡಿ, ಅಷ್ಟೆ.

ಬಸವನಗುಡಿಯಿಂದ ನಿಮ್ಹಾನ್ಸ್ ನಾಲ್ಕೈದು ಕಿಲೋಮೀಟರ್. ಆ ಗೇಟಿನೊಳಗೆ ಹೋಗುವಾಗ ಯಾರಾದರೂ ಕಂಡುಬಿಟ್ಟರೆ ಎಂಬ ಅಳುಕಿಗೆ ಹಿಂದೆಗೆದವರಿಗೂ ಈಗ ದಾರಿಯಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ ನಿಮ್ಹಾನ್ಸೇ ಮುಖ್ಯ ಕೇಂದ್ರ, ತಂತ್ರಜ್ಞಾನದ ನೆರವು ಬೆಂಗಳೂರಿನ ಐಐಐಟಿಯದು. ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಾದ ಸಮಾಲೋಚಕರು ಸಿಗುತ್ತಾರೆ, ಬೇಕೆನಿಸಿದರೆ ಅವರು ತಜ್ಞರಿಗೆ ದಾಟಿಸುತ್ತಾರೆ. ಖಾಸಗಿ ಆ್ಯಪ್‌ಗಳ ಮೂಲಕ ಹೋಗುವವರು ಎದುರಿಗಿರುವವರು ಚಿಕಿತ್ಸಾ ಮನಶ್ಶಾಸ್ತ್ರಜ್ಞರೆಂದು ಹೇಳಿಕೊಂಡರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇದೆಯೇ ಎಂದು ಕೇಳಬೇಕು. ಕೇಳಿದ್ದಕ್ಕೆ ಮುಖ ಸಿಂಡರಿಸುವವರ ಬಳಿ ದುಡ್ಡು ಕಳೆಯುವುದು ಬೇಡ.

ಮನೆಯವರಲ್ಲಿ ಒಂದು ಮನವಿ. ಫೋನು ಹಿಡಿದು ತಾರಸಿಗೆ ಹೋದವರ ಹಿಂದೆ ಬಟ್ಟೆ ತೆಗೆಯುವ ನೆಪದಲ್ಲಿ ಹೋಗಬೇಡಿ. ಅವರು ಇಳಿದು ಬಂದೊಡನೆ "ಏನಂದ್ರು?" ಎಂದು ಕೇಳಬೇಡಿ. ಹೇಳಬೇಕೆನಿಸಿದ ದಿನ ಅವರೇ ಹೇಳಲಿ.